ಮನೆ ಬಾಗಿಲಿನ ಪೌರನೀತಿ

ಕರ್ನಾಟಕದ ವಿಧಾನಸಭೆಯಲ್ಲಿ ಎಷ್ಟು ಸದಸ್ಯರು ಎಂದು ಪ್ರಶ್ನಿಸಿದರೆ ಪ್ರೌಢಶಾಲೆಯ ಹುಡುಗನು 224 ಎಂದು ಥಟ್ಟನೆ ಉತ್ತರ ಕೊಡುತ್ತಾನೆ. ವಿಧಾನ ಪರಿಷತ್ತಿನದು 75 ಎಂಬುದೂ ಅವನ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ರಾಜ್ಯಪಾಲರನ್ನು ಯಾರು ನೇಮಿಸುತ್ತಾರೆ, ಮಂತ್ರಿಮಂಡಲವು ಯಾರಿಗೆ ಹೊಣೆ ಎಂಬ ಪ್ರಶ್ನೆಗಳಿಗೂ ಅವನು ಸೋಲುವವನಲ್ಲ. ಆದರೆ ನಿತ್ಯವೂ ತಾನು ಏರಿ ಬರುವ ಬಸ್ಸು ಯಾರದು, ಅದು ಹೊತ್ತಿಗೆ ಬಾರದೆ ಮೊದಲನೆಯ ತಾಸು ತಪ್ಪಿದರೆ ಯಾರಿಗೆ ಅರ್ಜಿ ಬರೆಯಬೇಕು ಎಂದು ಕೇಳಿದೊಡನೆ ಆ ಜಾಣನು ಮೌನ ತಾಳುತ್ತಾನೆ. ಪುಸ್ತಕದ ಸರಕಾರ ಬೇರೆ, ಬದುಕಿನ ಸರಕಾರ ಬೇರೆ ಎಂಬ ಭಾವನೆ ಅವನಲ್ಲಿ ಅರಿವಿಲ್ಲದೆಯೇ ಬೇರೂರಿಬಿಟ್ಟಿದೆ.

ಈ ಮೌನದ ಬೆಲೆ ಅಲ್ಪವಾದುದಲ್ಲ. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವಾಗ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳ ಮೇಲಿನ ಆರ್‌.ಡಿ. ಸಂಖ್ಯೆಯನ್ನು ಕೇಳುತ್ತಾರೆ. ಆದಾಯದ ಪತ್ರಕ್ಕೆ ಐದು ವರ್ಷಗಳ ಆಯುಸ್ಸು ಮಾತ್ರ. ಅದು ಮುಗಿದುದನ್ನು ಕಡೆಯ ವಾರದಲ್ಲಿ ಕಂಡುಕೊಂಡ ತಂದೆ ತಾಯಿಗಳು ಶಾಲೆಗೆ ಓಡಿ, ಪಂಚಾಯತಿಗೆ ಓಡಿ, ಕೊನೆಗೆ ಅದು ದೊರೆಯುವುದು ನಾಡಕಚೇರಿಯಲ್ಲಿ ಎಂದು ತಿಳಿಯುವಷ್ಟರಲ್ಲಿ ಗಡುವು ದಾಟಿ ಹೋಗಿರುತ್ತದೆ. ಅಲ್ಲಿ ಆ ಮಗುವಿಗೆ ಅನ್ಯಾಯ ಮಾಡಿದವರು ಯಾರೂ ಇಲ್ಲ. ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಹೇಳಿಕೊಟ್ಟವರೂ ಇಲ್ಲ. ಹೀಗಿರುವಾಗ ಪೌರನೀತಿಯ ಪಾಠವನ್ನು ಬೆಂಗಳೂರಿನ ವಿಧಾನಸೌಧದ ಮೆಟ್ಟಿಲಿನಿಂದ ಆರಂಭಿಸದೆ ವಿದ್ಯಾರ್ಥಿಯ ಮನೆಯ ಬಾಗಿಲಿನಿಂದಲೇ ಏಕೆ ಆರಂಭಿಸಬಾರದು? ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ನೆರೆಯ ತಾಲೂಕುಗಳನ್ನು ನೋಡಿದರೆ ಅಂತಹ ಪಾಠಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿಯೇ ಬಿದ್ದಿರುವುದು ಕಾಣುತ್ತದೆ.

ಈ ನಾಡಿನ ಹಿರಿಯರ ಬಾಯಲ್ಲಿ ಇಂದಿಗೂ ಗ್ರಾಮದ ಕಂದಾಯ ಅಧಿಕಾರಿ ‘ತಲಾಟಿ’ಯೇ, ತಹಶೀಲ್ದಾರರು ‘ಮಾಮಲೇದಾರರೇ’, ಹೊಲದ ಪಹಣಿ ‘ಉತಾರ’ವೇ. ಇವು ಮುಂಬಯಿ ಆಡಳಿತವು ಬಿಟ್ಟು ಹೋದ ಮಾತುಗಳು. 1956ರ ನವೆಂಬರ್ 1ರವರೆಗೆ ಈ ಪ್ರದೇಶವು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅಂದು ಚಂದಗಡ ತಾಲೂಕೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಕೂಡಿತು; 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಮನೆ ಅದೇ, ಹೊಲ ಅದೇ, ಹರಿಯುವ ಘಟಪ್ರಭೆಯೂ ಅದೇ. ಆದರೆ ಅರ್ಜಿಯ ಕಾಗದ ತಲುಪಬೇಕಾದ ಊರು ಬದಲಾಯಿತು. ಶಾಲೆಯ ಪಠ್ಯ ಬದಲಾಯಿತು. ಕಚೇರಿಯ ಭಾಷೆ ಬದಲಾಯಿತು. ರಾಜ್ಯವೆಂದರೆ ನಕಾಶೆಯ ಮೇಲಿನ ಬಣ್ಣವಲ್ಲ, ಬದುಕಿನ ಏರ್ಪಾಡು ಎಂಬುದಕ್ಕೆ ಅಜ್ಜ ಅಜ್ಜಿಯರ ಮಾತೇ ಸಾಕ್ಷಿ.

ಮೊದಲು ಹುಕ್ಕೇರಿಯನ್ನು ನೋಡಬಹುದು. ಅಲ್ಲಿಯ ಮನೆಯೊಂದರಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಕರೆಂಟಿನ ಬಿಲ್ಲನ್ನು ಕೈಯಲ್ಲಿ ಹಿಡಿದು ಅಜ್ಜನನ್ನು ಹೀಗೆ ಕೇಳುತ್ತಾಳೆಂದು ಭಾವಿಸೋಣ:

“ಅಜ್ಜಾ, ನಮ್ಮ ಬಿಲ್ಲಿನ ಮ್ಯಾಲ ಸೊಸೈಟಿ ಅಂತ ಐತಿ. ಗೋಕಾಕದಾಗ ಮಾಂವನ ಮನಿ ಬಿಲ್ಲಿನ ಮ್ಯಾಲ ಹೆಸ್ಕಾಂ ಅಂತ ಐತಿ. ಹಿಂಗ್ಯಾಕ?”

“ನಮ್ಮದು ನಮ್ಮ ಮಂದಿ ಕಟ್ಟಿದ ಸೊಸೈಟಿ ಐತಿವಾ. ಅದು ಸರಕಾರದ್ದಲ್ಲ.”

ಅಜ್ಜನ ಮಾತು ಅರ್ಧ ನಿಜ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಮನೆಮನೆಗೆ ವಿದ್ಯುತ್ತು ಹಂಚುವ ಸಹಕಾರಿ ಸಂಘ ಇದೊಂದೇ. ನೆರೆಯ ಗೋಕಾಕ, ಮೂಡಲಗಿಗಳಲ್ಲಿ ಆ ಕೆಲಸವನ್ನು ಮಾಡುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ, 2002ರಲ್ಲಿ ಆರಂಭವಾದ ರಾಜ್ಯ ಸರಕಾರದ ಕಂಪನಿ ಹೆಸ್ಕಾಂ. ಆದುದರಿಂದ ಹುಕ್ಕೇರಿಯಲ್ಲಿ ತಂತಿ ಹರಿದರೆ, ಟಿ.ಸಿ. ಸುಟ್ಟರೆ ದೂರು ಹೋಗಬೇಕಾದುದು ಸಂಘಕ್ಕೆ. ಅದರ ಆಡಳಿತ ಮಂಡಲಿಯನ್ನು ಆರಿಸುವವರು ಸದಸ್ಯರೇ.

ಹಾಗಾದರೆ ಸರಕಾರಕ್ಕೂ ಅದಕ್ಕೂ ಸಂಬಂಧವಿಲ್ಲವೇ? ಇದೆ, ಅದು ಬಹಳ ಆಳವಾದ ಸಂಬಂಧ. ಸಂಘವು ನಡೆಯುವುದು ರಾಜ್ಯ ವಿಧಾನಮಂಡಲವು ಮಾಡಿದ 1959ರ ಸಹಕಾರಿ ಸಂಘಗಳ ಕಾಯಿದೆಯ ಪ್ರಕಾರ. ಅದು ಹಂಚುವ ವಿದ್ಯುತ್ತು ಬರುವುದು ರಾಜ್ಯದ ಜಾಲದಿಂದ. ಯೂನಿಟ್ಟಿಗೆ ಎಷ್ಟು ದರವೆಂಬುದನ್ನು ಸಂಘವೂ ಗೊತ್ತುಮಾಡುವಂತಿಲ್ಲ, ಮಂತ್ರಿಗಳೂ ಗೊತ್ತುಮಾಡುವಂತಿಲ್ಲ. ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೆಲಸ. ಈ ಆಯೋಗವು ದರ ಏರಿಸುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ; ಅಲ್ಲಿ ಯಾವ ಗ್ರಾಹಕನಾದರೂ ಎದ್ದು ನಿಂತು ಆಕ್ಷೇಪ ಹೇಳಬಹುದು. ಇನ್ನು 2023ರಲ್ಲಿ ರಾಜ್ಯ ಸರಕಾರವು ಗೃಹಜ್ಯೋತಿ ಯೋಜನೆಯನ್ನು ತಂದಾಗ ಅದು ಹೆಸ್ಕಾಂ ಗ್ರಾಹಕರಿಗೆ ಮಾತ್ರವಲ್ಲದೆ ಹುಕ್ಕೇರಿ ಸಂಘದ ಗ್ರಾಹಕರಿಗೂ ಅನ್ವಯವಾಯಿತು. ಒಂದು ತುಂಡು ಕಾಗದದ ಬಿಲ್ಲಿನಲ್ಲಿ ಸಂಘ, ಆಯೋಗ, ಸರಕಾರ ಎಂಬ ಮೂರು ಅಧಿಕಾರಗಳು ಕೈಕೂಡಿಸಿ ನಿಂತಿವೆ. ಇದನ್ನು ಬಿಡಿಸಿ ನೋಡಬಲ್ಲ ಹುಡುಗಿಗೆ ಅಧಿಕಾರ ವಿಭಜನೆಯೆಂಬ ಕಠಿನ ಪದವನ್ನು ಬೇರೆಯಾಗಿ ಬಾಯಿಪಾಠ ಮಾಡಿಸಬೇಕಾದುದಿಲ್ಲ.

ಇನ್ನು ಮೂಡಲಗಿ. ಇದು ಹಿಂದೆ ಗೋಕಾಕ ತಾಲೂಕಿನ ಒಂದು ಊರು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮೂಡಲಗಿ ಪ್ರತ್ಯೇಕ ವಲಯವಾಗಿಯೇ ಇತ್ತು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಾತ್ರ ಗೋಕಾಕಕ್ಕೆ ಸೇರಿತ್ತು. ಮಕ್ಕಳ ಪರೀಕ್ಷೆಯ ಕೆಲಸಕ್ಕೆ ಊರಿನ ಕಚೇರಿ, ಅಪ್ಪನ ಹೊಲದ ಕೆಲಸಕ್ಕೆ ಗೋಕಾಕದ ಕಚೇರಿ! ಸರಕಾರವೆಂಬುದು ಒಂದೇ ಕಟ್ಟಡವಲ್ಲ, ಅದರ ಒಂದೊಂದು ಇಲಾಖೆಯೂ ನಾಡನ್ನು ತನ್ನದೇ ಗೆರೆಗಳಿಂದ ಹಂಚಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯಲಾರದು. ಇಂದಿಗೂ ಈ ಮೂರು ತಾಲೂಕುಗಳು ಕಂದಾಯಕ್ಕೆ ಬೆಳಗಾವಿ ಜಿಲ್ಲೆಯಲ್ಲಿದ್ದರೆ ಶಿಕ್ಷಣಕ್ಕೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿವೆ.

ತಾಲೂಕನ್ನು ಹೊಸದಾಗಿ ಮಾಡುವ, ಇರುವುದನ್ನು ಒಡೆಯುವ ಅಧಿಕಾರವು 1964ರ ಭೂಕಂದಾಯ ಕಾಯಿದೆಯ ಪ್ರಕಾರ ರಾಜ್ಯ ಸರಕಾರದ್ದು. ಅದಕ್ಕಾಗಿ ವಾಸುದೇವರಾವ್, ಹುಂಡೇಕರ, ಗದ್ದಿಗೌಡರ, ಎಂ. ಬಿ. ಪ್ರಕಾಶ ಇವರ ಹೆಸರಿನ ಸಮಿತಿಗಳು ಒಂದರ ಹಿಂದೊಂದು ಬಂದು ವರದಿಗಳನ್ನು ಕೊಟ್ಟವು. ಕಡೆಗೆ 2017ರ ಮಾರ್ಚ್ ತಿಂಗಳ ಆಯವ್ಯಯದಲ್ಲಿ 49 ಹೊಸ ತಾಲೂಕುಗಳ ಘೋಷಣೆಯಾಯಿತು. ಆದರೆ ಅದೇ ವರ್ಷ ಪಟ್ಟಿಯಿಂದ ಮೂಡಲಗಿಯ ಹೆಸರು ಬಿಟ್ಟುಹೋದಾಗ ಊರಿನವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಧರಣಿ ಹೂಡಿದರು, ಮೆರವಣಿಗೆ ಮಾಡಿದರು, ಮನವಿಗಳನ್ನು ಕೊಟ್ಟರು. ಸರಕಾರವು ಮನಸ್ಸು ಬದಲಿಸಿ ಮೂಡಲಗಿಯನ್ನು ತಾಲೂಕಾಗಿ ಮಾಡಿತು. ಬೆಂಗಳೂರಿನಲ್ಲಿ ಬರೆದ ಪಟ್ಟಿಯನ್ನು ಮೂಡಲಗಿಯ ಬೀದಿಯಲ್ಲಿ ತಿದ್ದಬಹುದೆಂಬ ಈ ಸಂಗತಿಯನ್ನು ಆ ಊರಿನ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಆದರೂ ಪಾಠವು ಅಷ್ಟಕ್ಕೇ ಮುಗಿಯುವುದಿಲ್ಲ. ತಾಲೂಕೆಂದು ಹಲಗೆ ತೂಗಿದ ಮಾತ್ರಕ್ಕೆ ಎಲ್ಲ ಇಲಾಖೆಗಳೂ ಬಂದು ಕುಳಿತುಕೊಳ್ಳುವುದಿಲ್ಲ. ಕಟ್ಟಡ ಬೇಕು, ಹುದ್ದೆ ಮಂಜೂರಾಗಬೇಕು, ಅದಕ್ಕೆ ಆಯವ್ಯಯದಲ್ಲಿ ಹಣ ಇಡಬೇಕು. ಘೋಷಣೆಗೂ ಕಾರ್ಯಕ್ಕೂ ನಡುವೆ ಇರುವ ಅಂತರವನ್ನು ಅಳೆಯಲು ಕಲಿತವನೇ ಬಲ್ಲಿದ ಪ್ರಜೆ.

ಮೂಡಲಗಿಯ ಮತ್ತೊಂದು ಪಾಠ ಕಬ್ಬಿನದು. 2025ರ ಅಕ್ಟೋಬರ್ ಕಡೆಯಲ್ಲಿ ಈ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ದರ ಬೇಕೆಂದು ರಸ್ತೆಯಲ್ಲಿ ಕುಳಿತರು. ಅಲ್ಲಿ ಅಪ್ಪಂದಿರ ಜೊತೆ ಕುಳಿತ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಬಂದಿರಲೇಬೇಕು: ದರ ಗೊತ್ತುಮಾಡುವವರು ಯಾರು? ಕಬ್ಬಿನ ಕನಿಷ್ಠ ದರವನ್ನು, ಎಂದರೆ ಎಫ್‌.ಆರ್‌.ಪಿ.ಯನ್ನು, 1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಗೊತ್ತುಮಾಡುವುದು ಕೇಂದ್ರ ಸರಕಾರ. 2025-26ನೆಯ ಹಂಗಾಮಿಗೆ ಅದು ಶೇಕಡಾ 10.25ರ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಹಾಗಾದರೆ ಟನ್ನಿಗೆ 3,550 ಆಯಿತಲ್ಲ, ರೈತ 3,500 ಕೇಳಿದರೆ ಕಡಿಮೆಯನ್ನೇ ಕೇಳಿದಂತಾಯಿತಲ್ಲ ಎಂದು ಲೆಕ್ಕ ಬಲ್ಲ ಹುಡುಗ ಅಚ್ಚರಿಪಡಬಹುದು. ಗುಟ್ಟು ಇರುವುದು ಇಲ್ಲಿಯೇ. ಎಫ್‌.ಆರ್‌.ಪಿ.ಯಲ್ಲಿ ಕಬ್ಬಿನ ಕಟಾವು ಮತ್ತು ಸಾಗಣೆಯ ಖರ್ಚನ್ನು ಮುರಿದುಕೊಳ್ಳುತ್ತಾರೆ. ರೈತರು ಕೇಳಿದುದು ಆ ಖರ್ಚು ಹೊರತಾಗಿ ಕೈಗೆ ಬರುವ ಹಣವನ್ನು.

ದರ ಕೇಂದ್ರದ್ದಾದರೆ ರೈತರು ಬೆಂಗಳೂರಿನತ್ತ ಏಕೆ ಕೂಗಿದರು? ಕಾರ್ಖಾನೆಗೆ ಕಬ್ಬು ನುರಿಸಲು ಅಪ್ಪಣೆ ಕೊಡುವುದು, ಬಾಕಿ ಹಣ ಕೊಡಿಸುವುದು, ಕಾರ್ಖಾನೆಯ ಕಾಟಾದಲ್ಲಿ ತೂಕ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ರಾಜ್ಯದ ಕೆಲಸ. ನವೆಂಬರ್ 7ರಂದು ಮುಖ್ಯಮಂತ್ರಿಗಳು ಕಾರ್ಖಾನೆಯವರೊಡನೆ, ರೈತರೊಡನೆ ಬೆಂಗಳೂರಿನಲ್ಲಿ ಮಾತುಕತೆ ನಡೆಸಿ ಟನ್ನಿಗೆ 3,300 ರೂಪಾಯಿಗೆ ಒಪ್ಪಂದ ಮಾಡಿಸಿದರು. ಅದರಲ್ಲಿ 50 ರೂಪಾಯಿ ರಾಜ್ಯದ ಬೊಕ್ಕಸದಿಂದ ಬರತಕ್ಕದ್ದು. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಪುಸ್ತಕದಲ್ಲಿ ಮೂರು ಬೇರೆ ಬೇರೆ ಅಂಕಣಗಳಿವೆ. ಬಾಳಿನಲ್ಲಿ ಅವು ಮೂರೂ ಒಂದೇ ಕಬ್ಬಿನ ಬಿಲ್ಲಿನ ಮೇಲೆ ಬಂದು ಕೂಡುತ್ತವೆ. ಆ ಬಿಲ್ಲು ತಡವಾದರೆ ಮನೆಯ ಮಗಳ ಕಾಲೇಜಿನ ಫೀಜೂ ತಡವಾಗುತ್ತದೆ.

ಮೂರನೆಯದು ಗೋಕಾಕ. ಜಲಪಾತವನ್ನು ನೋಡಲು ಬರುವ ಪ್ರವಾಸಿಗರಿಗೆ ನದಿಯೆಂದರೆ ಸೌಂದರ್ಯ. ಊರಿನವರಿಗೆ ಅದು ಅನ್ನವೂ ಹೌದು, ಆತಂಕವೂ ಹೌದು. ಘಟಪ್ರಭೆಯು ಪಶ್ಚಿಮ ಘಟ್ಟದಲ್ಲಿ ಮಹಾರಾಷ್ಟ್ರದ ನೆಲದಲ್ಲಿ ಹುಟ್ಟಿ ಕರ್ನಾಟಕಕ್ಕೆ ಬರುತ್ತದೆ. ಧೂಪದಾಳದಲ್ಲಿ ಅದಕ್ಕೆ ಒಡ್ಡು ಕಟ್ಟಿದುದು 1897ರಲ್ಲಿ. ಅನಂತರ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಜಲಾಶಯವು ಎದ್ದು 1977ರಲ್ಲಿ ಪೂರ್ತಿಯಾಯಿತು. ಸುಮಾರು 51 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಈ ಜಲಾಶಯಕ್ಕೆ ರಾಜಾ ಲಖಮಗೌಡ ಜಲಾಶಯವೆಂದು ಹೆಸರು. ಇದರ ಕಾಲುವೆಗಳು ಹೊಲಗಳನ್ನು ಹಸಿರು ಮಾಡಿದವು. ಬೆಳಗಾವಿ ನಗರಕ್ಕೆ ಕುಡಿಯುವ ನೀರು ದೊರೆಯಿತು. ಆದರೆ ಬೇಸಗೆಯಲ್ಲಿ ನೀರು ಇಳಿದಾಗ ಜಲಾಶಯದ ನಡುವೆ ಹುನ್ನೂರಿನ ವಿಠ್ಠಲ ಮಂದಿರವು ತಲೆಯೆತ್ತಿ ನಿಲ್ಲುತ್ತದೆ. ಒಬ್ಬರ ಹೊಲಕ್ಕೆ ನೀರು ಬರಬೇಕಾದರೆ ಮತ್ತೊಬ್ಬರ ಊರು ಮುಳುಗಬೇಕಾಯಿತೆಂಬುದನ್ನು ಆ ಕಲ್ಲಿನ ಗುಡಿ ವರ್ಷಕ್ಕೊಮ್ಮೆ ಹೇಳುತ್ತದೆ. ಸರಕಾರದ ನಿರ್ಣಯದಿಂದ ಎಲ್ಲರಿಗೂ ಒಂದೇ ತೆರನಾದ ಫಲ ದೊರೆಯುವುದಿಲ್ಲವೆಂಬ ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು.

2019ರ ಆಗಸ್ಟ್ ತಿಂಗಳಲ್ಲಿ ಗೋಕಾಕವು ಪ್ರವಾಹಕ್ಕೆ ಸಿಕ್ಕಿತು. ಹಿಡಕಲ್ಲಿನಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಕೂಡಿತು. ಲೋಳಸೂರ ಸೇತುವೆ ಮುಳುಗಿತು. ಊರೊಳಗೆ ನೀರು ನುಗ್ಗಿತು. ಅಂತಹ ದಿನಗಳಲ್ಲಿ ಶಾಲೆಗೆ ರಜೆ ಸಾರುವವರು ಜಿಲ್ಲಾಧಿಕಾರಿಗಳು. ಜಲಾಶಯದ ಬಾಗಿಲನ್ನು ಎಷ್ಟು ಎತ್ತಬೇಕೆಂದು ನೋಡಿಕೊಳ್ಳುವವರು ಕರ್ನಾಟಕ ನೀರಾವರಿ ನಿಗಮದ ಎಂಜಿನಿಯರರು. ಮುಳುಗಿದ ಮನೆಗಳ ಪಟ್ಟಿ ಬರೆಯುವವರು ಕಂದಾಯ ಇಲಾಖೆಯವರು. ಪಾಠ ನಡೆಯುವ ಶಾಲೆಯೇ ನಿರಾಶ್ರಿತರ ಕಾಳಜಿ ಕೇಂದ್ರವಾಗುತ್ತದೆ. ಆ ವರ್ಷ ಪೂರ್ಣವಾಗಿ ಬಿದ್ದ ಮನೆಗೆ ರಾಜ್ಯ ಸರಕಾರವು 5 ಲಕ್ಷ ರೂಪಾಯಿ ಘೋಷಿಸಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಗೋಡೆಯ ಬಿರುಕನ್ನು ನೋಡಿ ಅಧಿಕಾರಿಯು ಬರೆದ ಒಂದು ಅಕ್ಷರದ ಮೇಲೆ ಕುಟುಂಬವು ಮತ್ತೆ ಮನೆ ಕಟ್ಟುವುದೋ ಇಲ್ಲವೋ ಎಂಬುದು ನಿಂತಿತ್ತು. ಆ ಅಕ್ಷರ ತಪ್ಪೆಂದು ತೋರಿದರೆ ಯಾರ ಮುಂದೆ ಹೇಳಿಕೊಳ್ಳಬೇಕು ಎಂಬುದನ್ನು ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಅಂತಹ ಹೊತ್ತಿನಲ್ಲಿ ಅದೇ ಒಂದು ಆಸರೆ.

ಗೋಕಾಕವೆಂಬ ಹೆಸರು ಕನ್ನಡಿಗರಿಗೆ ಮತ್ತೊಂದು ಕಾರಣಕ್ಕಾಗಿಯೂ ಪರಿಚಿತ. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯ ಸಮಿತಿಯನ್ನು ರಾಜ್ಯ ಸರಕಾರವು 1980ರಲ್ಲಿ ನೇಮಿಸಿತು. ಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ಆ ಸಮಿತಿಯು 1981ರಲ್ಲಿ ವರದಿ ಕೊಟ್ಟಿತು. ಅದನ್ನು ಜಾರಿಗೆ ತರಬೇಕೆಂದು 1982ರಲ್ಲಿ ಸಾಹಿತಿಗಳೂ ವಿದ್ಯಾರ್ಥಿಗಳೂ ಕೂಡಿ ಹೋರಾಡಿದರು. ನಟ ರಾಜಕುಮಾರರು ಅದರ ಮುಂಚೂಣಿಯಲ್ಲಿ ನಿಂತರು. ಮಗುವು ಯಾವ ಭಾಷೆಯನ್ನು ಮೊದಲು ಕಲಿಯಬೇಕೆಂಬ ಮನೆಯೊಳಗಿನ ಮಾತು ಕೂಡ ರಾಜ್ಯ ಸರಕಾರದ ಮೇಜಿನ ಮೇಲೆ ಬರುತ್ತದೆ. ಆದರೆ ಆ ಮೇಜಿಗೂ ಒಂದು ಎಲ್ಲೆಯುಂಟು. ಮಾತೃಭಾಷೆಯನ್ನೇ ಶಿಕ್ಷಣ ಮಾಧ್ಯಮವಾಗಿ ಸರಕಾರವು ಬಲವಂತ ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಒಂದು ಭಾಷೆಯಾಗಿ ಕನ್ನಡವನ್ನು ಎಲ್ಲ ಶಾಲೆಗಳಲ್ಲಿಯೂ ಕಲಿಸತಕ್ಕದ್ದೆಂಬ ಕಾಯಿದೆಯನ್ನು ರಾಜ್ಯವು 2015ರಲ್ಲಿ ಮಾಡಿತು. ಸರಕಾರದ ಶಕ್ತಿ ಎಲ್ಲಿಯವರೆಗೆ, ಅದನ್ನು ತಡೆಯುವ ಶಕ್ತಿ ಯಾವುದು ಎಂಬುದು ಈ ಕಥೆಯಿಂದ ಸ್ಪಷ್ಟವಾಗುತ್ತದೆ.

ಇಷ್ಟನ್ನು ಕಲಿಸುವಾಗ ಎರಡು ತಪ್ಪುಗಳಿಗೆ ಎಡೆಗೊಡಬಾರದು. ಸರಕಾರವೆಂದರೆ ದಾನ ಮಾಡುವ ದೊರೆ ಎಂಬ ಭಾವನೆ ಒಂದು. 2013ರಿಂದ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನದ ಅನ್ನ, 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ದೊರೆತ ಉಚಿತ ಬಸ್ ಪ್ರಯಾಣ ಇವೆಲ್ಲ ಯಾರದೋ ಕೃಪೆಯೆಂದು ಮಕ್ಕಳು ತಿಳಿಯಬಾರದು. ಗೋಕಾಕದ ಅಂಗಡಿಯಲ್ಲಿ ಕರದಂಟಿನ ಪೊಟ್ಟಣ ಕೊಂಡ ಹುಡುಗನೂ ಜಿ.ಎಸ್‌.ಟಿ. ತೆತ್ತಿರುತ್ತಾನೆ, ಅದರ ಅರ್ಧಭಾಗ ರಾಜ್ಯದ ಪಾಲು. ಅಪ್ಪನ ಮೋಟಾರು ಸೈಕಲ್ಲಿಗೆ ಹಾಕಿಸಿದ ಪೆಟ್ರೋಲಿನಲ್ಲಿ, ಹೊಲದ ಖರೀದಿ ಪತ್ರದ ಮುದ್ರಾಂಕದಲ್ಲಿ ರಾಜ್ಯದ ತೆರಿಗೆಯಿದೆ. ಕೊಟ್ಟವನಿಗೆ ಕೇಳುವ ಹಕ್ಕೂ ಇದೆ, ಖರ್ಚಿನ ಲೆಕ್ಕ ನೋಡುವ ಹೊಣೆಯೂ ಇದೆ.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದುದು: ಸರಕಾರವೆಂದರೆ ಬರಿಯ ಲಂಚ, ಬರಿಯ ವಿಳಂಬ, ಅದರ ಗೊಡವೆ ಬೇಡ ಎಂಬ ತಾತ್ಸಾರ. ದೊಡ್ಡವರು ಊಟದ ಹೊತ್ತಿನಲ್ಲಿ ಆಡುವ ಇಂತಹ ಮಾತನ್ನು ಮಕ್ಕಳು ಬಹು ಬೇಗ ಕಲಿಯುತ್ತಾರೆ. ಅದು ಪೂರ್ತಿ ಸುಳ್ಳಲ್ಲವೆಂಬುದೇ ಅದರ ಅಪಾಯ. ಆದರೆ ಗೊಡವೆ ಬೇಡವೆಂದು ಕುಳಿತವನನ್ನು ಸರಕಾರವು ಬಿಡುವುದಿಲ್ಲ. ಅವನ ಬಿಲ್ಲು, ಬಸ್ಸು, ಉತಾರಗಳ ಮೇಲೆ ನಿರ್ಣಯಗಳು ಅವನನ್ನು ಕೇಳದೆಯೇ ನಡೆಯುತ್ತವೆ.

ಉಪಾಧ್ಯಾಯರು ಮಾಡಬಹುದಾದ ಕೆಲಸವು ದುಬಾರಿಯದಲ್ಲ. ತರಗತಿಯ ಒಬ್ಬೊಬ್ಬ ವಿದ್ಯಾರ್ಥಿಯೂ ಮನೆಯಿಂದ ಒಂದು ಕಾಗದ ತರಲಿ: ಒಬ್ಬನು ಕರೆಂಟಿನ ಬಿಲ್ಲು, ಒಬ್ಬಳು ಪಡಿತರ ಚೀಟಿ, ಇನ್ನೊಬ್ಬನು ಉತಾರ, ಮತ್ತೊಬ್ಬಳು ಬಸ್ಸಿನ ಶೂನ್ಯ ದರದ ಟಿಕೆಟ್ಟು. ಇದನ್ನು ಯಾರು ಕೊಟ್ಟರು, ಯಾವ ಕಾಯಿದೆಯ ಬಲದಿಂದ ಕೊಟ್ಟರು, ತಪ್ಪಿದ್ದರೆ ಯಾರಿಗೆ ಹೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಬರೆದು ಉತ್ತರ ಹುಡುಕಲಿ. ಬಸ್ಸಿನ ವೇಳೆಯ ಬಗ್ಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೋ ವ್ಯವಸ್ಥಾಪಕರಿಗೆ ತರಗತಿಯೆಲ್ಲ ಕೂಡಿ ಒಂದು ಅರ್ಜಿ ಬರೆಯಲಿ. ಅದರ ನಕಲನ್ನೂ ಸ್ವೀಕೃತಿಯನ್ನೂ ಇಟ್ಟುಕೊಳ್ಳಲು ಕಲಿಯಲಿ. ಕೆಲವು ಸೇವೆಗಳನ್ನು ಇಂತಿಷ್ಟು ದಿನಗಳಲ್ಲಿ ಕೊಡಲೇಬೇಕೆಂದು 2011ರ ‘ಸಕಾಲ’ ಕಾಯಿದೆ ವಿಧಿಸಿದೆ ಎಂಬುದು ಅವರಿಗೆ ಗೊತ್ತಿರಲಿ. 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧವು ಈ ಮೂರು ಊರುಗಳಿಗೆ ದೂರವಲ್ಲ. ಅಲ್ಲಿ ಅಧಿವೇಶನ ನಡೆಯುವಾಗ ಮಕ್ಕಳು ಗ್ಯಾಲರಿಯಲ್ಲಿ ಕುಳಿತು ತಮ್ಮ ಕ್ಷೇತ್ರದ ಶಾಸಕರು ಏನು ಕೇಳುತ್ತಾರೆ, ಏನು ಕೇಳದೆ ಬಿಡುತ್ತಾರೆ ಎಂಬುದನ್ನು ಗಮನಿಸಲಿ.

ತಂದೆ ತಾಯಿಗಳ ಪಾಲೂ ಇದರಲ್ಲಿದೆ. ನಾಡಕಚೇರಿಗೆ ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗುವುದು ಹೊತ್ತು ಹಾಳು ಮಾಡಿದಂತಲ್ಲ. ಸರದಿಯಲ್ಲಿ ನಿಲ್ಲುವುದು, ಅರ್ಜಿ ತುಂಬುವುದು, ವಿನಯ ಬಿಡದೆ ಆದರೆ ಅಂಜದೆ ಕೇಳುವುದು, ಇವನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಹದಿನೆಂಟು ತುಂಬಿದ ದಿನ ಆ ಮಗುವಿನ ಕೈಗೆ ಮತದಾನದ ಹಕ್ಕು ಬರುತ್ತದೆ. ಅದಕ್ಕೆ ಮುಂಚೆಯೇ ತನ್ನ ಮನೆಯ ಬಿಲ್ಲನ್ನು ಓದಬಲ್ಲವನು, ತನ್ನ ಊರಿನ ಕಚೇರಿಯ ಬಾಗಿಲನ್ನು ಬಲ್ಲವನು ಮತಗಟ್ಟೆಯಲ್ಲಿ ಕೇವಲ ಮುಖ ನೋಡಿ, ಜಾತಿ ನೋಡಿ ಗುಂಡಿಯೊತ್ತುವುದು ಕಡಿಮೆ. ಯಾರ ಕೈಯಲ್ಲಿ ಏನಿದೆ ಎಂಬುದನ್ನು ತಿಳಿದವನಿಗೆ ಮಾತ್ರವೇ ಯಾರಿಂದ ಏನನ್ನು ಕೇಳಬೇಕೆಂಬುದು ತಿಳಿದೀತು.